ಬಾರ್ಬಡೋಸ್‌ಗೆ ವೀಸಾ ಬೇಡ, ದಾರಿಗೆ ಬೇಕು

ದ್ರಾವಿಡ್ ವಿಶ್ವಕಪ್ ಎತ್ತಿ ಕೂಗಿದ ಊರು ಎಂದರೆ ನಮ್ಮವರಿಗೆ ಥಟ್ಟನೆ ಗುರುತು ಸಿಗುತ್ತದೆ: 2024ರ ಜೂನ್ 29, ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಮೈದಾನ. ಭಾರತದ ಪಾಸ್‌ಪೋರ್ಟ್ ಇದ್ದರೆ ಆ ದ್ವೀಪಕ್ಕೆ ಪ್ರವಾಸ ಹೋಗಲು 90 ದಿನದವರೆಗೆ ವೀಸಾ ಬೇಡ. ಇದನ್ನಷ್ಟೇ ಓದಿ ಟಿಕೆಟ್ ತೆಗೆದವರು ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ ಸಿಕ್ಕಿಬೀಳುತ್ತಾರೆ. ನೇರ ವಿಮಾನವಿಲ್ಲ, ನಡುವೆ ಇಳಿಯುವ ದೇಶದ ಕಾನೂನು ಬೇರೆ.

ಲಂಡನ್ ದಾರಿ ಸಲೀಸು. ಆದರೆ ಹೀಥ್ರೂನಲ್ಲಿ ಇಳಿದು ಹೊರಗೆ ಕಾಲಿಡದೆ ಮುಂದಿನ ವಿಮಾನ ಹತ್ತಿದರೂ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನ ಚಾಲ್ತಿ ವೀಸಾ ಇದ್ದವರಿಗೆ ಇದರಿಂದ ವಿನಾಯಿತಿ ಉಂಟು. ಮುಂದಿನ ವಿಮಾನ ಲಂಡನ್ನಿನ ಇನ್ನೊಂದು ನಿಲ್ದಾಣ ಗ್ಯಾಟ್‌ವಿಕ್‌ನಿಂದ ಎಂದು ಟಿಕೆಟ್‌ನಲ್ಲಿದ್ದರೆ ಲೆಕ್ಕ ಬದಲಾಗುತ್ತದೆ: ಇಮಿಗ್ರೇಷನ್ ದಾಟಿ, ಪೆಟ್ಟಿಗೆ ಎತ್ತಿಕೊಂಡು ಊರಾಚೆ ಹೋಗಬೇಕು, ಅದಕ್ಕೆ ಬೇರೆ ಬಗೆಯ ವೀಸಾ. ನ್ಯೂಯಾರ್ಕ್, ಮಯಾಮಿ ದಾರಿಯಲ್ಲಂತೂ ಎರಡು ಗಂಟೆ ಕಾಯಲೂ ಅಮೆರಿಕದ ವೀಸಾ ಕಡ್ಡಾಯ. ಚಳಿಗಾಲದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ನೇರ ವಿಮಾನವಿರುತ್ತದೆ. ಒಳಗೇ ಉಳಿದು ಬದಲಿಸಿಕೊಂಡರೆ ನಮಗೆ ಅಲ್ಲಿ ಟ್ರಾನ್ಸಿಟ್ ವೀಸಾ ಕೇಳುವುದಿಲ್ಲ. ವೀಸಾ ಇಲ್ಲದವರಿಗೆ ಇದೇ ವಾಸಿ. ಷರತ್ತು ಒಂದೇ, ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಬೇಕು. ಅಗ್ಗವೆಂದು ಎರಡು ಟಿಕೆಟ್ ಮಾಡಿಸಿದರೆ ಲಗೇಜಿಗಾಗಿ ಹೊರಗೆ ಬರಬೇಕಾಗುತ್ತದೆ, ಹೊರಬರಲು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ) ಬೇಕು.

ಬಾರ್ಬಡೋಸ್ ತನ್ನ ಪಾಲಿಗೆ ಕೇಳುವುದು ಒಂದು ಆನ್‌ಲೈನ್ ಅರ್ಜಿ. ಇಳಿಯುವ ಮುಂಚಿನ 72 ಗಂಟೆಯೊಳಗೆ ತುಂಬಬೇಕು. ಶುಲ್ಕವಿಲ್ಲ. ಸರ್ಕಾರಿ ತಾಣದ ವಿಳಾಸ ‘ಡಾಟ್ ಗವ್ ಡಾಟ್ ಬಿಬಿ’ ಎಂದು ಮುಗಿಯುತ್ತದೆ. ಕಾರ್ಡ್ ನಂಬರ್ ಕೇಳಿದರೆ ತಪ್ಪು ಬಾಗಿಲು ತಟ್ಟಿದ್ದೀರಿ ಎಂದೇ ತಿಳಿಯಿರಿ. ವಿಮಾನದ ಸಂಖ್ಯೆ ಎಂಬಲ್ಲಿ ಬೆಂಗಳೂರಿನದ್ದಲ್ಲ, ಬ್ರಿಜ್‌ಟೌನ್‌ಗೆ ಇಳಿಸುವ ಕೊನೆಯ ವಿಮಾನದ್ದು ಹಾಕಬೇಕು. ತಾರೀಖೂ ಅಲ್ಲಿನದೇ; ನಮ್ಮ ಗಡಿಯಾರ ಒಂಬತ್ತೂವರೆ ಗಂಟೆ ಮುಂದಿದೆ. ತಂಗುವ ಮನೆಯ ಪೂರ್ಣ ವಿಳಾಸ, ಅದು ದ್ವೀಪದ 11 ಪ್ಯಾರಿಷ್‌ಗಳಲ್ಲಿ (ನಮ್ಮ ಜಿಲ್ಲೆಗಳಂಥ ವಿಭಾಗ) ಯಾವುದರಲ್ಲಿದೆ ಎನ್ನುವುದು ಕೈಯಲ್ಲಿರಲಿ. ಕೊನೆಗೆ ಬರುವ ಕ್ಯೂಆರ್ ಕೋಡನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಒಂದು ದಿನದ ಪ್ರಯಾಣ ಮುಗಿಯುವಷ್ಟರಲ್ಲಿ ಫೋನಿನ ಬ್ಯಾಟರಿಯೂ ಮಲಗಿರುತ್ತದೆ.

ಕನ್ನಡಿಗರು ಹೆಚ್ಚಾಗಿ ಎಡವುವುದು ಸರ್‌ನೇಮ್ ಕಾಲಮ್ಮಿನಲ್ಲಿ. ಹೆಸರಿನ ಹಿಂದೆ ಇನಿಷಿಯಲ್ ಹಾಕಿಕೊಳ್ಳುವ ನಮ್ಮಲ್ಲಿ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಆ ಸಾಲು ಖಾಲಿ, ‘ಮಂಜುನಾಥ’ ಎಂದಷ್ಟೇ ಇರುತ್ತದೆ. ಅರ್ಜಿಯಲ್ಲಿ ಎರಡು ಚೌಕ, ಟಿಕೆಟ್‌ನಲ್ಲೂ ಎರಡು. ಒಂದು ಕಡೆ ಹೆಸರನ್ನೇ ಎರಡು ಸಲ ಬರೆದು, ಇನ್ನೊಂದು ಕಡೆ ಅಪ್ಪನ ಹೆಸರು ಸೇರಿಸಿದರೆ ಎರಡು ದಾಖಲೆ ತಾಳೆಯಾಗುವುದಿಲ್ಲ. ಟಿಕೆಟ್ ಮಾಡಿಸುವಾಗ ಏರ್‌ಲೈನ್ ಹೇಳುವ ರೀತಿಯನ್ನೇ ಅರ್ಜಿಯಲ್ಲೂ ಹಾಕಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಅಪ್ಪನ ಹೆಸರನ್ನು ಎಲ್ಲೂ ತರಬೇಡಿ. ಹೆಸರನ್ನು ಎರಡಾಗಿ ಒಡೆಸಿ ಹೊಸ ಪಾಸ್‌ಪೋರ್ಟ್ ಮಾಡಿಸುವುದಾದರೆ ಟಿಕೆಟ್‌ಗೂ ಮೊದಲೇ ಮಾಡಿಸಿ. ಆರು ತಿಂಗಳ ಅವಧಿ ಉಳಿದಿದೆಯೇ ಎಂದೂ ಆಗಲೇ ನೋಡಿಕೊಳ್ಳಿ.

ಬಾರ್ಬಡೋಸ್‌ನ ಗ್ರಾಂಟ್ಲಿ ಆ್ಯಡಮ್ಸ್ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ವಾಪಸ್ ಟಿಕೆಟ್, ತಂಗುವ ಜಾಗ, ಖರ್ಚಿನ ಹಣ, ಈ ಮೂರನ್ನು ಕೇಳಬಹುದು. ಮುದ್ರೆ ಒತ್ತಿದ ಕೂಡಲೇ ಎಷ್ಟು ದಿನ ಬರೆದಿದ್ದಾರೆ ಎಂದು ಅಲ್ಲೇ ಓದಿ. 90 ಎನ್ನುವುದು ಗರಿಷ್ಠ ಮಿತಿ. ತಾಜಾ ಕರಿಬೇವು, ಹಣ್ಣು, ಮಾಂಸ ಅನುಮತಿಯಿಲ್ಲದೆ ಒಳಗೆ ಹೋಗುವುದಿಲ್ಲ. ಮಿಲಿಟರಿ ಮಚ್ಚೆಯ ಬಟ್ಟೆ ಕಾನೂನುಬಾಹಿರ, ಮಗುವಿನ ಟೋಪಿಯಾದರೂ ಸರಿಯೇ. ಹಣದ ವಿಷಯ ಸುಲಭ: ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್, 1975ರಿಂದ ಅದೇ ದರ.

ಅಷ್ಟು ದೂರ ಬಂದವರು ಪಕ್ಕದ ಟ್ರಿನಿಡಾಡನ್ನೂ ನೋಡಿ ಬರೋಣ ಎನ್ನುತ್ತಾರೆ. ಅಲ್ಲಿಗೂ ವೀಸಾ ಬೇಡ. ಆದರೆ ಹಳದಿ ಜ್ವರದ ಅಪಾಯವಿದೆ ಎಂದು ಭಾರತ ಗುರುತಿಸಿದ ದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ, ಬಾರ್ಬಡೋಸ್ ಇಲ್ಲ. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹೊರಡುವ ಹತ್ತು ದಿನ ಮುಂಚೆಯಾದರೂ ಲಸಿಕೆ ಹಾಕಿಸಿಕೊಂಡಿರಬೇಕು. ಅದಕ್ಕೆ ಮೊದಲು ಪ್ರಮಾಣಪತ್ರ ಊರ್ಜಿತವಾಗುವುದಿಲ್ಲ. ಅದಿಲ್ಲದೆ ಟ್ರಿನಿಡಾಡ್ ಬಿಟ್ಟ ಆರು ದಿನದೊಳಗೆ ಮರಳಿದರೆ, ಮನೆಗೆ ಹೋಗುವ ಬದಲು ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್‌ಗೆ ಕಳಿಸಬಹುದು.