ಹೆಗ್ಗೋಡಿನಲ್ಲಿ ಐದು ದಿನ: ಈ ಅಕ್ಟೋಬರ್‌ಗೆ ಹೊರಡುವವರಿಗೆ

ದಸರಾ ರಜೆ ಹತ್ತಿರ ಬಂತು ಅಂದರೆ ನನಗೆ ಈಗ ಹೆಗ್ಗೋಡಿನ ನೆನಪೇ ಮೊದಲು. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ನಡೆಸುವ ಸಂಸ್ಕೃತಿ ಶಿಬಿರಕ್ಕೆ ಒಮ್ಮೆ ಹೋಗಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಕೊನೆಗೂ ಒಬ್ಬಳೇ ಹೋಗಿ, ಐದು ದಿನ ಇದ್ದು, ಮೇಲೆ ಎರಡು ದಿನ ಸಾಗರದಲ್ಲಿ ಉಳಿದು ಬಂದೆ. ಆಮೇಲೆ ಗೆಳತಿಯರು, ಆಫೀಸಿನವರು ಒಂದೇ ಸಮನೆ ಕೇಳುತ್ತಿದ್ದಾರೆ: ಹೇಗೆ ಹೋಗೋದು, ಎಲ್ಲಿ ಉಳಿಯೋದು, ಒಂದು ದಿನಕ್ಕೆ ಹೋಗಿ ಬಂದರೆ ಸಾಕಾ? ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸಾಲದು. ಹೋದರೆ ಪೂರ್ತಿ ಇರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಹೋಗುವ ದಾರಿ. ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಸಣ್ಣ ಊರು. ಸಾಗರ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೇ ಇದೆ. ಬೆಂಗಳೂರಿನಿಂದ ಬರುವವರಿಗೆ ಮೈಸೂರು–ತಾಳಗುಪ್ಪ ರಾತ್ರಿ ರೈಲು ತುಂಬಾ ಅನುಕೂಲ. ಮಲಗಿ ಏಳುವಷ್ಟರಲ್ಲಿ ಕಿಟಕಿಯಾಚೆ ಅಡಿಕೆ ತೋಟ. ಟಿಕೆಟ್ ಬುಕ್ ಮಾಡುವಾಗ ಮಾತ್ರ ಎಚ್ಚರ. ಬರೀ ಸಾಗರ ಅಂತ ಹುಡುಕಿದರೆ ಮಧ್ಯಪ್ರದೇಶದ ಸಾಗರ ಸಿಕ್ಕಿಬಿಡಬಹುದು. ನಮ್ಮ ನಿಲ್ದಾಣದ ಹೆಸರು ಸಾಗರ ಜಂಬಗಾರು. ದಸರಾ ಸಮಯದಲ್ಲಿ ಈ ರೈಲು ಬೇಗ ಭರ್ತಿಯಾಗುತ್ತದೆ. ನಾನು ಹೋಗುವ ಟಿಕೆಟ್ ಮಾಡಿಸಿ, ಬರೋದನ್ನು ಆಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟಿದ್ದೆ. ಬರುವಾಗ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ನೀವು ಎರಡನ್ನೂ ಒಟ್ಟಿಗೇ ಮಾಡಿಸಿಬಿಡಿ.

ನಿಲ್ದಾಣದಿಂದ ಸಾಗರ ಬಸ್‌ಸ್ಟ್ಯಾಂಡಿಗೆ ಆಟೊ, ಅಲ್ಲಿಂದ ಹೆಗ್ಗೋಡಿಗೆ ಬಸ್ಸು. ಕಂಡಕ್ಟರ್‌ಗೆ ನೀನಾಸಮ್ ಅಂದರೆ ಸಾಕು, ಇಳಿಸುತ್ತಾರೆ.

ಶಿಬಿರಕ್ಕೆ ಸುಮ್ನೆ ಬ್ಯಾಗು ಹಿಡಿದುಕೊಂಡು ಹೋಗುವ ಹಾಗಿಲ್ಲ. ಮುಂಚೆಯೇ ಅರ್ಜಿ ಹಾಕಬೇಕು. ಮಳೆಗಾಲ ಶುರುವಾದಾಗಿನಿಂದಲೇ ನೀನಾಸಮ್‌ನ ಪ್ರಕಟಣೆ ಮೇಲೆ ಒಂದು ಕಣ್ಣಿಟ್ಟಿರಿ. ಆಯ್ಕೆಯಾದವರಿಗೆ ಊಟ, ವಸತಿ ಎಲ್ಲ ಅಲ್ಲೇ. ವಸತಿ ಅಂದರೆ ಹೋಟೆಲ್ ರೂಮಿನ ಹಾಗಲ್ಲ. ನಾಲ್ಕೈದು ಜನ ಒಟ್ಟಿಗೆ ಮಲಗುವುದು, ಬೆಳಗ್ಗೆ ಸ್ನಾನಕ್ಕೆ ಸರದಿ. ನನ್ನ ಕೋಣೆಯಲ್ಲಿ ಒಬ್ಬರು ಹೈಸ್ಕೂಲ್ ಟೀಚರ್, ಒಬ್ಬಳು ಬಳ್ಳಾರಿಯ ಎಂ.ಎ. ವಿದ್ಯಾರ್ಥಿನಿ, ಇನ್ನೊಬ್ಬರು ನಿವೃತ್ತ ನರ್ಸ್. ಮೂರನೇ ದಿನಕ್ಕೆ ನಾವು ಒಂದೇ ಮನೆಯವರ ಹಾಗೆ ಆಗಿದ್ದೆವು. ಒಬ್ಬಂಟಿ ಹೆಣ್ಣುಮಕ್ಕಳು ಹೋಗಬಹುದಾ ಅಂತ ಕೇಳುವವರಿಗೆ: ಧೈರ್ಯವಾಗಿ ಹೋಗಿ. ನನಗೆ ಒಂದು ಕ್ಷಣವೂ ಆತಂಕ ಆಗಲಿಲ್ಲ.

ಜಾಗದ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಒಳ್ಳೆಯದು. ನೀನಾಸಮ್ ಅಂದರೆ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. 1949ರಲ್ಲಿ ಊರಿನವರೇ ಸೇರಿ ನಾಟಕ ಆಡಲು ಕಟ್ಟಿಕೊಂಡ ಸಂಘ ಅದು. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಂಡ ‘ತಿರುಗಾಟ’. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟೆಲ್ಲ ಆಗಿದ್ದು ಅಡಿಕೆ ಬೆಳೆಯುವ ಒಂದು ಹಳ್ಳಿಯಲ್ಲಿ. ಇಲ್ಲಿನ ಶಿವರಾಮ ಕಾರಂತ ರಂಗಮಂದಿರದೊಳಗೆ ಮೊದಲ ಸಲ ಕಾಲಿಟ್ಟಾಗ, ನಮ್ಮೂರಲ್ಲೂ ಇಂಥದ್ದೊಂದು ಯಾಕೆ ಆಗಲಿಲ್ಲ ಅಂತ ಹೊಟ್ಟೆಯಲ್ಲಿ ಏನೋ ಆಯಿತು.

ಶಿಬಿರದ ದಿನಚರಿ ಬಿಗಿ. ಬೆಳಗ್ಗೆಯಿಂದ ಸಂಜೆವರೆಗೆ ಮಾತು, ಚರ್ಚೆ, ಹಾಡು, ಕೆಲವೊಮ್ಮೆ ಸಿನಿಮಾ. ಸಂಜೆ ನಾಟಕ. ಆ ವರ್ಷದ ತಿರುಗಾಟದ ನಾಟಕಗಳನ್ನು ಊರೂರಿಗೆ ಹೋಗುವ ಮೊದಲೇ ಇಲ್ಲಿ ನೋಡಬಹುದು. ಉಪನ್ಯಾಸಗಳಲ್ಲಿ ಕೆಲವು ನನಗೆ ಭಾರವಾದವು. ಒಂದೆರಡು ಅರ್ಥವೇ ಆಗಲಿಲ್ಲ. ಅದಕ್ಕೆ ಹೆದರಬೇಡಿ. ಟೀ ಬಿಡುವಿನಲ್ಲಿ ಪಕ್ಕದವರನ್ನು ಕೇಳಿದರೆ ಅವರು ತಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ನಾನು ಹೆಚ್ಚು ಕಲಿತದ್ದು ಆ ಟೀ ಲೋಟ ಹಿಡಿದು ನಿಂತ ಹೊತ್ತಿನಲ್ಲೇ.

ಆದರೆ ಪೂರ್ತಿ ಇರಿ ಅಂತ ನಾನು ಒತ್ತಿ ಹೇಳೋದು ಮರುದಿನ ಬೆಳಗಿನ ಮಾತುಕತೆಗಾಗಿ. ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ. ಆಡಿದವರು, ಆಡಿಸಿದವರು, ನೋಡಿದವರು ಎಲ್ಲ ಎದುರುಬದುರು. ನಾವು ಊರಿನಲ್ಲಿ ನಾಟಕ ನೋಡಿದರೆ ಏನು ಮಾಡುತ್ತೇವೆ? ಚಪ್ಪಾಳೆ ತಟ್ಟಿ, ಗಾಡಿ ಹುಡುಕಿಕೊಂಡು, ಮನೆಗೆ ಹೋಗಿ ಮಲಗುತ್ತೇವೆ. ಇಲ್ಲಿ ನಾಟಕ ರಾತ್ರಿಗೆ ಮುಗಿಯುವುದಿಲ್ಲ.

ಎರಡನೇ ದಿನ ಹೀಗಾಯಿತು. ಹಿಂದಿನ ರಾತ್ರಿಯ ನಾಟಕದಲ್ಲಿ ಒಂದು ಸಾವಿನ ದೃಶ್ಯ ಇತ್ತು. ಎಲ್ಲರೂ ಹೋದ ಮೇಲೂ ರಂಗದ ಮೇಲೆ ಒಂದು ಮಣ್ಣಿನ ಕೊಡ ಹಾಗೇ ಉಳಿದಿತ್ತು. ನಾನಂತೂ ಅದನ್ನು ಗಮನಿಸಿರಲೇ ಇಲ್ಲ. ಬೆಳಗ್ಗೆ ಹಿಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ತೋಟದ ಯಜಮಾನರು ಎದ್ದು ನಿಂತರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ‘ಆ ಕೊಡವನ್ನು ಕೊನೆವರೆಗೂ ಯಾರೂ ಎತ್ತಲಿಲ್ಲವಲ್ಲ, ಮರೆತಿದ್ದಾ, ಬೇಕಂತ ಬಿಟ್ಟಿದ್ದಾ?’ ಅಂತ ಕೇಳಿದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಪಾತ್ರ ಮಾಡಿದ ಹುಡುಗಿ ಮೆಲ್ಲಗೆ ಹೇಳಿದಳು: ಎತ್ತಬೇಕಾದವಳು ನಾನೇ, ತಾಲೀಮಿನಲ್ಲಿ ಒಂದು ದಿನ ಕೈ ಬರಲಿಲ್ಲ, ಅವತ್ತಿನಿಂದ ಹಾಗೇ ಬಿಟ್ಟೆವು. ಯಜಮಾನರು ತಲೆ ಆಡಿಸಿದರು. ‘ಸಾವಾದ ಮನೆಯಲ್ಲಿ ಹಾಗೇ ಆಗ್ತದೆ’ ಅಂತ ಹೇಳಿ ಕೂತುಬಿಟ್ಟರು. ಅಷ್ಟೇ. ಆ ಮೇಲೆ ಅರ್ಧ ಗಂಟೆ ಎಲ್ಲರೂ ಆ ಕೊಡದ ಬಗ್ಗೆಯೇ ಮಾತಾಡಿದೆವು. ಒಂದು ಸಂಜೆಗೆ ಬಂದು ನಾಟಕ ನೋಡಿ ಹೋದವರಿಗೆ ಇದು ಸಿಗುವುದಿಲ್ಲ, ಅಲ್ವಾ?

ಶಿಬಿರಕ್ಕೆ ಹೆಸರು ಕೊಡಲು ಆಗದವರು ಸಾಗರದಲ್ಲಿ ಉಳಿದುಕೊಂಡು ಸಂಜೆಯ ನಾಟಕಕ್ಕೆ ಬರಬಹುದು. ಸುತ್ತಲ ಹಳ್ಳಿಗಳಿಂದ ಜನ ಬರುತ್ತಾರೆ. ಟಿಕೆಟ್, ಸಮಯ ಎಲ್ಲ ಹಗಲೇ ವಿಚಾರಿಸಿಕೊಳ್ಳಿ. ನಾಟಕ ಮುಗಿಯುವ ಹೊತ್ತಿಗೆ ಬಸ್ಸನ್ನು ನಂಬಿಕೊಳ್ಳಬೇಡಿ. ಬರುವಾಗಲೇ ಆಟೊದವರ ಹತ್ತಿರ ವಾಪಸ್ ಬರಲೂ ಮಾತಾಡಿಕೊಳ್ಳಿ, ನಂಬರ್ ಇಸ್ಕೊಳ್ಳಿ. ಶಿಬಿರ ಮುಗಿದ ಮೇಲೆ ಉಳಿಯಲು ನಾನು ಸಾಗರದ ಒಂದು ಲಾಡ್ಜಿನಲ್ಲಿ ಫೋನ್ ಮೇಲೇ ರೂಮು ಹೇಳಿಟ್ಟಿದ್ದೆ. ಹೋದರೆ ಬೇರೆಯವರಿಗೆ ಕೊಟ್ಟಿದ್ದರು. ರಜೆಯ ದಿನ, ಎಲ್ಲ ಕಡೆ ಜೋಗಕ್ಕೆ ಬಂದವರ ಗದ್ದಲ. ಒಂದೂವರೆ ಗಂಟೆ ಬ್ಯಾಗು ಹೊತ್ತು ಅಲೆದೆ. ಸ್ವಲ್ಪವಾದರೂ ಮುಂಗಡ ಕಳಿಸಿ, ಅದರ ರಸೀದಿ ಇಟ್ಟುಕೊಳ್ಳಿ.

ಸಾಮಾನಿನ ಮಾತು. ಅಕ್ಟೋಬರ್ ಬಂದರೂ ಮಲೆನಾಡಿನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಕೊಡೆ ಬೇಕೇ ಬೇಕು. ರಾತ್ರಿ ನಾಟಕ ಮುಗಿದು ಹೊರಗೆ ಬಂದರೆ ಚಳಿ ಹಿಡಿಯುತ್ತದೆ, ಒಂದು ಶಾಲು ಇರಲಿ. ಟಾರ್ಚ್ ಇರಲಿ. ತೋಟದ ದಾರಿಯಲ್ಲಿ ನಡೆಯುವ ಆಸೆ ಇದ್ದರೆ ಉಂಬಳ (ಜಿಗಣೆ) ಹತ್ತಬಹುದು, ಕಾಲಿಗೆ ಸ್ವಲ್ಪ ಸುಣ್ಣ ಅಥವಾ ಉಪ್ಪು ಸವರಿಕೊಳ್ಳಿ. ಕೈಯಲ್ಲಿ ಚಿಲ್ಲರೆ ದುಡ್ಡು ಇರಲಿ, ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಫೋನ್‌ಪೇ ಕೆಲಸಕ್ಕೆ ಬರುವುದಿಲ್ಲ. ಪುಸ್ತಕಕ್ಕೆ ಬ್ಯಾಗಿನಲ್ಲಿ ಜಾಗ ಬಿಟ್ಟುಕೊಂಡು ಹೋಗಿ. ಅಕ್ಷರ ಪ್ರಕಾಶನ ಇರುವುದು ಇದೇ ಊರಿನಲ್ಲಿ. ನಾನು ಎರಡು ಪುಸ್ತಕ ಅಂತ ಹೋಗಿ ಒಂಬತ್ತು ತಂದೆ.

ಬಿಡುವು ಸಿಕ್ಕರೆ ಭೀಮನಕೋಣೆಗೆ ಹೋಗಿಬನ್ನಿ, ಪಕ್ಕದಲ್ಲೇ ಇದೆ. ಅಲ್ಲಿ ಚರಕ ಅನ್ನುವ ಹೆಣ್ಣುಮಕ್ಕಳ ಸಹಕಾರ ಸಂಘ ಇದೆ. ರಂಗ ನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ ಶುರುವಾದದ್ದು. ಕೈಮಗ್ಗದ ಬಟ್ಟೆಗೆ ಗಿಡಮೂಲದ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಇದೆಯಲ್ಲ, ಅದರಿಂದ ಬರುವ ಕಂದುಗೆಂಪು ನನಗೆ ಬಹಳ ಹಿಡಿಸಿತು. ‘ದೇಸಿ’ ಅನ್ನುವ ಹೆಸರಿನ ಅಂಗಡಿಗಳಲ್ಲಿ ನೀವು ನೋಡಿರುವ ಕುರ್ತಾ, ಜುಬ್ಬಗಳ ಊರು ಇದೇ.

ನನ್ನ ಅದೃಷ್ಟಕ್ಕೆ ಆ ವರ್ಷ ಶಿಬಿರ ಮುಗಿಯುವಾಗಲೇ ಭೂಮಿ ಹುಣ್ಣಿಮೆ ಬಂತು. ದಸರಾ ಆದ ಮೇಲೆ ಬರುವ ಹುಣ್ಣಿಮೆ ಅದು, ಕೆಲವರು ಸೀಗೆ ಹುಣ್ಣಿಮೆ ಅನ್ನುತ್ತಾರೆ. ನಮ್ಮ ಕೋಣೆಯ ಟೀಚರ್‌ಗೆ ಹತ್ತಿರದ ಹಳ್ಳಿಯಲ್ಲಿ ಪರಿಚಯದ ದೀವರ (ಇಲ್ಲಿನ ಒಂದು ರೈತ ಸಮುದಾಯ) ಮನೆ ಇತ್ತು. ಹಬ್ಬದ ಎರಡು ದಿನ ಮೊದಲು ನನ್ನನ್ನೂ ಕರೆದುಕೊಂಡು ಹೋದರು. ಜಗಲಿಯ ಮೇಲೆ ಆ ಮನೆಯ ಅಮ್ಮ ಹಬ್ಬದ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾ ಕೂತಿದ್ದರು. ಬುಟ್ಟಿಗೆ ಮೊದಲೇ ಸಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಹಚ್ಚಿದ್ದರು. ತೆಂಗಿನ ಚಿಪ್ಪಿನಲ್ಲಿ ಅರೆದ ಅಕ್ಕಿಯ ಬಿಳಿ. ಕೈಯಲ್ಲಿ ಪುಂಡಿ ನಾರಿನ ಕುಂಚ, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. ಅದ್ದುತ್ತಾರೆ, ಚಿಪ್ಪಿನ ಅಂಚಿಗೆ ಒಮ್ಮೆ ಒರೆಸುತ್ತಾರೆ, ಉಸಿರು ಬಿಗಿಹಿಡಿದು ಒಂದು ಗೆರೆ. ಎಳೆಯುವಾಗ ನೀರಿನಂತೆ ಇರುವ ಗೆರೆ ಒಣಗುತ್ತಾ ಬೆಳ್ಳಗಾಗುತ್ತದೆ. ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ಅಂತರ. ನೋಡುತ್ತಿದ್ದ ಹಾಗೆ ಭತ್ತದ ಸಸಿ ಎದ್ದಿತು.

ಫೋಟೊ ತೆಗೆಯಬಹುದಾ ಅಂದೆ. ‘ಬುಟ್ಟಿದು ತೆಗಿ ತಂಗಿ, ನನ್ದು ಬ್ಯಾಡ’ ಅಂದರು. ದಯವಿಟ್ಟು ನೀವೂ ಕೇಳಿಯೇ ತೆಗೆಯಿರಿ. ಇದು ಪ್ರದರ್ಶನಕ್ಕೆ ಇಟ್ಟ ಕಲೆ ಅಲ್ಲ, ಮನೆಯ ಹಬ್ಬ. ಹಬ್ಬದ ಹಿಂದಿನ ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲು ಇದೇ ಬುಟ್ಟಿಯಲ್ಲಿ ಅದನ್ನು ಗದ್ದೆಗೆ ಹೊತ್ತುಕೊಂಡು ಹೋಗಿ ಚರಗ ಬೀರುತ್ತಾರೆ, ಅಂದರೆ ಪೈರಿಗೆ ಎರಚುತ್ತಾರೆ. ಭತ್ತ ಹೊಡೆಯಾಗುವ ಸಮಯ, ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಅಂತ. ಪರಿಚಯದವರು ಕರೆದರೆ ಮಾತ್ರ ಹೋಗಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಹೂವು-ಹಣ್ಣು ಹಿಡಿದುಕೊಂಡು ಹೋಗಿ. ಶಿಬಿರವೂ ಹುಣ್ಣಿಮೆಯೂ ಪ್ರತಿ ವರ್ಷ ಜೊತೆಗೆ ಬರುವುದಿಲ್ಲ. ಕ್ಯಾಲೆಂಡರ್ ನೋಡಿ ರಜೆ ಹಾಕಿ.

ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಇದೇ ಕೈಗಳದ್ದು. ಈಗ ಕೆಲವರು ಕಾಗದದ ಮೇಲೆ ಬರೆದು ಮಾರುತ್ತಾರೆ. ಬರೆದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಒಂದು ಬುಟ್ಟಿಗೆ ಎಷ್ಟು ಗೆರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಉಳಿದ ಎರಡು ದಿನದಲ್ಲಿ ಇಕ್ಕೇರಿ, ಕೆಳದಿ ನೋಡಿದೆ. ಎರಡೂ ಸಾಗರದಿಂದ ಹತ್ತಿರ, ಅರ್ಧ ದಿನದಲ್ಲಿ ಆಟೊದಲ್ಲಿ ಮುಗಿಸಬಹುದು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿಯ ಮುಂದೆ ಸ್ವಲ್ಪ ಹೊತ್ತು ಕೂರಿ. ಕೆಳದಿಯಲ್ಲಿ ವೀರಭದ್ರ ಗುಡಿಯ ಒಳಛಾವಣಿಯಲ್ಲಿ ಗಂಡಭೇರುಂಡ ಇದೆ, ತಲೆ ಎತ್ತಿ ನೋಡದಿದ್ದರೆ ತಪ್ಪಿಹೋಗುತ್ತದೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮನ ಮನೆತನದ ಊರು ಇದು. ಜೋಗ ಸಾಗರದಿಂದ ಸುಮಾರು 30 ಕಿಲೋಮೀಟರ್. ಶಿಬಿರದ ನಡುವೆ ತಪ್ಪಿಸಿಕೊಂಡು ಜೋಗಕ್ಕೆ ಹೋದವರನ್ನು ನೋಡಿದೆ. ಬೇಡ. ಜೋಗ ಎಲ್ಲೂ ಹೋಗುವುದಿಲ್ಲ, ಬೆಳಗಿನ ಚರ್ಚೆ ಮತ್ತೆ ಬರುವುದಿಲ್ಲ.

ಊಟಕ್ಕೆ ಈ ಕಡೆ ತೊಂದರೆಯೇ ಇಲ್ಲ. ತಂಬುಳಿ, ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ, ಲೋಟಕ್ಕೆ ಹಾಕಿಸಿಕೊಂಡು ಕುಡಿಯಿರಿ. ಕಾಫಿ ಬದಲು ಕಷಾಯ ಕೇಳಿ. ಮನೆಗೆ ತೊಡದೇವು ಅನ್ನುವ ಸಿಹಿತಿಂಡಿ ತನ್ನಿ. ಕಾಗದದಷ್ಟು ತೆಳು, ಬಟ್ಟೆ ಬ್ಯಾಗಿನ ಅಡಿಗೆ ಹಾಕಿದರೆ ಪುಡಿಪುಡಿ. ಮೇಲೆ ಇಟ್ಟುಕೊಂಡು, ಇಲ್ಲವೇ ಕೈಯಲ್ಲೇ ಹಿಡಿದುಕೊಂಡು ಬನ್ನಿ.

ಈ ಸಲ ಯಾವ ಕಾರಣಕ್ಕೂ ಆಗುವುದೇ ಇಲ್ಲ ಅನ್ನುವವರು ತಿರುಗಾಟದ ಪಟ್ಟಿ ನೋಡಿ. ಅದೇ ನಟರು, ಅದೇ ನಾಟಕಗಳು ಕರ್ನಾಟಕದ ಊರೂರಿಗೆ ಬರುತ್ತವೆ. ನಮ್ಮೂರಿಗೆ ಬಂದಾಗ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಸಾವಿನ ದೃಶ್ಯ ಮುಗಿಯಿತು. ಬೆಳಕು ಇಳಿಯಿತು. ಕೊಡ ಅಲ್ಲೇ ಇತ್ತು. ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ತಟ್ಟಿ, ‘ಅದನ್ನ ಎತ್ತಲೇ ಇಲ್ಲ ನೋಡೇ’ ಅಂದಳು. ಈ ವರ್ಷದ ಶಿಬಿರಕ್ಕೆ ನನ್ನ ಅರ್ಜಿಯ ಜೊತೆ ಅವಳದ್ದನ್ನೂ ಹಾಕುತ್ತಿದ್ದೇನೆ.