ಆಮ್ಲಜನಕಕ್ಕಿಂತ ಮೊದಲು ಹೊಂಗೆ

ಮರದಿಂದ ನಮಗೇನು ಉಪಯೋಗ ಅಂತ ನಾಲ್ಕನೇ ತರಗತಿಯ ಯಾವ ಮಗುವನ್ನು ಕೇಳಿದರೂ ಮಗ್ಗಿ ಒಪ್ಪಿಸುವ ಹಾಗೆ ಉತ್ತರ ಬರುತ್ತದೆ. "ಆಮ್ಲಜನಕ ಕೊಡುತ್ತದೆ, ನೆರಳು ಕೊಡುತ್ತದೆ, ಮಳೆ ತರಿಸುತ್ತದೆ." ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕು, ಕೊಡುತ್ತೇನೆ. ಆದರೆ ನಮ್ಮ ಶಾಲೆ ಮುಂದಿನ ಹೊಂಗೆ ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ದಿನಾ ಅದರ ಬುಡದಲ್ಲೇ ಕೂತು ಬಿಸಿಯೂಟ ಮಾಡುವ ಮಕ್ಕಳು ಇವರು.

ಮಾಗಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ನನ್ನ ನಂಬಿಕೆ ಇಷ್ಟೇ: ಸಣ್ಣ ಮಕ್ಕಳಿಗೆ "ಮರಗಳ ಮಹತ್ವ" ಅಂತ ಪಾಠ ಶುರು ಮಾಡಬಾರದು. ಒಂದು ಮರದ ಪರಿಚಯ ಮಾಡಿಸಬೇಕು. ಅದೂ ಶಾಲೆ ಅಂಗಳದಲ್ಲೇ ಇರುವ ಮರ ಆಗಬೇಕು, ವರ್ಷಪೂರ್ತಿ ಅದೇ ಮರ ಆಗಬೇಕು.

ಜೂನ್‌ನಲ್ಲಿ ಶಾಲೆ ತೆರೆದಾಗ ಹೊಂಗೆಯ ಬುಡದಲ್ಲಿ ಬಿದ್ದ ಕಾಯಿಗಳಿಂದ ಸಸಿ ಎದ್ದಿರುತ್ತವೆ. ಮೊದಲು ಅವನ್ನು ತೋರಿಸುತ್ತೇನೆ. ಚಪ್ಪಟೆ ಕಾಯಿ ಒಡೆದರೆ ಸಾಮಾನ್ಯವಾಗಿ ಒಂದೇ ಬೀಜ. ಹುರುಳಿ, ಅಲಸಂದೆ, ಹೊಂಗೆ ಎಲ್ಲಾ ಒಂದೇ ಕುಟುಂಬದವು ಅಂದರೆ ಮಕ್ಕಳು ನಂಬುವುದಿಲ್ಲ. ಹಾಗಾಗಿ ಹೊಲದಿಂದ ಒಂದು ಅಲಸಂದೆ ಗಿಡವನ್ನು ಬೇರು ಸಮೇತ ತರಿಸುತ್ತೇನೆ. ಬೇರಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಗಂಟುಗಳಿರುತ್ತವೆ. ಆ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಹೊಂಗೆಯ ಬೇರಿನಲ್ಲೂ ಇದೇ ಕೆಲಸ ನಡೆಯುತ್ತದೆ. ನಮ್ಮ ಕಡೆ ಹಿರಿಯರು ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಸುತ್ತಿದ್ದದ್ದು ಸುಮ್ನೆ ಅಲ್ಲ.

ಆಮೇಲೆ ಮನೆಗೆಲಸ. ನೋಟ್‌ಬುಕ್‌ನಲ್ಲಿ ಬರೆಯುವುದೇನೂ ಇಲ್ಲ, ಅಜ್ಜಿ ತಾತನ ಹತ್ತಿರ ಕೇಳಿಕೊಂಡು ಬರಬೇಕು: ಹೊಂಗೆಯಿಂದ ನಿಮ್ಮ ಕಾಲದಲ್ಲಿ ಏನೇನು ಮಾಡುತ್ತಿದ್ದಿರಿ? ಮಾರನೇ ದಿನ ತರಗತಿಯಲ್ಲಿ ಗದ್ದಲವೋ ಗದ್ದಲ. "ಮಿಸ್, ನಮ್ಮಜ್ಜಿ ಹೊಂಗೆಣ್ಣೆ ದೀಪದಲ್ಲಿ ಓದ್ಕೊಂಡಿದ್ರಂತೆ." "ಮಿಸ್, ನಮ್ ತಾತ ಈಗ್ಲೂ ಹೊಂಗೆ ಕಡ್ಡೀಲೇ ಹಲ್ಲುಜ್ಜೋದು." ತೆಂಗಿನ ಬುಡಕ್ಕೆ ಹೊಂಗೆ ಹಿಂಡಿ, ದನದ ಗಾಯಕ್ಕೆ ಹೊಂಗೆಣ್ಣೆ. ನಾನು ಹೇಳಿದ್ದಕ್ಕಿಂತ ಅಜ್ಜಿ ಹೇಳಿದ್ದು ಜಾಸ್ತಿ ನೆನಪಿರುತ್ತದೆ ಅಲ್ವಾ?

ನನಗೆ ಬಹಳ ಇಷ್ಟವಾದ ಪಾಠ ಪ್ಲಾಸ್ಟಿಕ್ ಕವರ್‌ನದು. ಬಿಸಿಲಿರುವ ದಿನ ಪ್ರಾರ್ಥನೆ ಮುಗಿದ ಕೂಡಲೇ, ಕೈಗೆಟುಕುವ ಒಂದು ರೆಂಬೆಯ ಎಲೆಗಳಿಗೆ ಒಣಗಿದ ಪಾರದರ್ಶಕ ಕವರ್ ಹಾಕಿ ದಾರದಿಂದ ಬಿಗಿಯಾಗಿ ಕಟ್ಟುತ್ತೇವೆ. ಊಟದ ಬೆಲ್ ಹೊಡೆಯುವಷ್ಟರಲ್ಲಿ ಕವರ್ ಒಳಗೆ ಹನಿಗಳು ಕೂಡಿರುತ್ತವೆ. "ನೀರು ಯಾರೂ ಹಾಕಿಲ್ವಲ್ಲ ಮಿಸ್?" ಅಂತ ಒಬ್ಬಳು ಕೇಳಿದಳು. ಇನ್ನೊಬ್ಬ ಹುಡುಗ, ತರಗತಿಯಲ್ಲಿ ಬಾಯೇ ಬಿಡದವನು, "ಕವರಲ್ಲೇ ಇತ್ತೇನೋ" ಅಂದ. ಎಂಥ ಒಳ್ಳೆ ಅನುಮಾನ! ಮಾರನೇ ದಿನ ಅವನ ಕೈಯಿಂದಲೇ ಎರಡು ಕವರ್ ಕಟ್ಟಿಸಿದೆ. ಒಂದು ಹಸಿರೆಲೆಗೆ, ಇನ್ನೊಂದು ಒಣಕಡ್ಡಿಗೆ. ಮಧ್ಯಾಹ್ನ ಎರಡನ್ನೂ ಅವನೇ ಬಿಚ್ಚಿ ಎಲ್ಲರಿಗೂ ತೋರಿಸಿದ. ಕಡ್ಡಿಯದು ಒಣಗಿಯೇ ಇತ್ತು.

ಅಷ್ಟಾದ ಮೇಲೆ ವಿವರಿಸುವುದು ಸುಲಭ. ಬೇರು ನೆಲದಿಂದ ನೀರೆಳೆಯುತ್ತದೆ, ಎಲೆಯ ಕೆಳಗಿನ ಸಣ್ಣ ಸಣ್ಣ ರಂಧ್ರಗಳಿಂದ ಅದು ಆವಿಯಾಗಿ ಹೊರಗೆ ಹೋಗುತ್ತದೆ, ಹೋಗುವಾಗ ಸುತ್ತಲಿನ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಸೈಕಲ್ ನಿಲ್ಲಿಸುವ ತಗಡಿನ ಚಾವಣಿಯ ಕೆಳಗೂ ನೆರಳಿದೆ, ಹೊಂಗೆ ಕೆಳಗೂ ನೆರಳಿದೆ. ಎರಡೂ ಕಡೆ ಸ್ವಲ್ಪ ಹೊತ್ತು ಕೂರಿಸಿದರೆ ಎರಡನೇ ತರಗತಿಯ ಮಗುವಿಗೂ ವ್ಯತ್ಯಾಸ ತಿಳಿಯುತ್ತದೆ. ಆಮ್ಲಜನಕ ಕಣ್ಣಿಗೆ ಕಾಣುವುದಿಲ್ಲ. ತಂಪು ಮೈಗೆ ತಾಗುತ್ತದೆ. ಸಣ್ಣವರಿಗೆ ಮೈಗೆ ತಾಗುವುದರಿಂದಲೇ ಶುರು ಮಾಡಬೇಕು.

ನಮ್ಮ ತಾಲ್ಲೂಕಿನವರಿಗೆ ಇನ್ನೊಂದು ಭಾಗ್ಯ ಇದೆ. ಹುಲಿಕಲ್‌ನಿಂದ ಕುದೂರಿನ ಕಡೆಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಬೆಳೆಸಿದ ಆಲದ ಮರಗಳ ಸಾಲು. ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಮರ ಅಂತ ಲೆಕ್ಕ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಕೆಲಸಕ್ಕೆ ಈ ಮರಗಳಿಗೆ ಕುತ್ತು ಬಂದಾಗ, ಅಷ್ಟು ವಯಸ್ಸಾಗಿದ್ದರೂ ತಿಮ್ಮಕ್ಕನೇ ಸರ್ಕಾರದ ಮುಂದೆ ಹೋಗಿ ಬೇಡಿಕೊಂಡರು. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ತೀರಿಕೊಂಡರು. ಭಾಷಣದಲ್ಲಿ ಅವರ ಹೆಸರು ಹೇಳಿ ಚಪ್ಪಾಳೆ ತಟ್ಟಿಸುವುದು ನನಗೆ ಸಾಲದು. ಅವರ ಕೆಲಸವನ್ನು ನಾನು ಗಣಿತದ ತರಗತಿಗೆ ತರುತ್ತೇನೆ.

ಮೊದಲ ವರ್ಷ ಅವರು ನೆಟ್ಟದ್ದು 10 ಸಸಿ, ಮರುವರ್ಷ 15, ಅದರ ಮುಂದಿನ ವರ್ಷ 20. ಹಾಗಾದರೆ ಮೂರನೇ ವರ್ಷ ನೀರು ಹಾಕಬೇಕಾದ ಸಸಿ ಎಷ್ಟು? ಮಕ್ಕಳು ಮೊದಲು 20 ಅನ್ನುತ್ತಾರೆ. ಆಮೇಲೆ ಯಾರೋ ಒಬ್ಬರು "ಹಳೇವಕ್ಕೂ ಹಾಕ್ಬೇಕಲ್ವಾ" ಅನ್ನುತ್ತಾರೆ. ಕೂಡಿಸಿದರೆ 45. ಒಂದೊಂದಕ್ಕೆ ಒಂದು ಕೊಡ ಅಂದರೂ 45 ಕೊಡ, ಅದನ್ನು ಹೊತ್ತು ರಸ್ತೆಯುದ್ದಕ್ಕೂ ನಡೆಯಬೇಕು. ಅಷ್ಟು ಹೇಳಿ ನಲ್ಲಿ ಹತ್ತಿರ ಹೋಗಿ ಅರ್ಧ ಬಿಂದಿಗೆ ಹಿಡಿದು ಕಾಂಪೌಂಡ್‌ವರೆಗೆ ನಡೆಯಿರಿ ಅನ್ನುತ್ತೇನೆ. ಕೈ ಬದಲಾಯಿಸುತ್ತಾ, ಚೆಲ್ಲಿಕೊಳ್ಳುತ್ತಾ ಹೋಗುತ್ತಾರೆ. ತಿಮ್ಮಕ್ಕ ಯಾರು ಅಂತ ಅವರಿಗೆ ಅಲ್ಲಿ ಅರ್ಥವಾಗುತ್ತದೆ. ಕುರಿ ಮೇಕೆ ಬಾಯಿ ಹಾಕದಂತೆ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟುತ್ತಿದ್ದರು ಅನ್ನುವುದನ್ನೂ ಮರೆಯದೆ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲೂ ಸಸಿಗೆ ಮೊದಲ ಶತ್ರು ಮೇಕೆಯೇ.

ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ ಎರಡೂ ನನಗೆ ಪ್ರೀತಿಯ ದಿನಗಳೇ. ಮಳೆ ಹಿಡಿದಿರುತ್ತದೆ, ಸಸಿ ಸಿಗುತ್ತವೆ, ಊರಿನವರೂ ಬರುತ್ತಾರೆ. ಆದರೆ ಗುಂಡಿ ತೋಡುವ ದಿನ ಯಾವ ಸಸಿಯೂ ಸಾಯುವುದಿಲ್ಲ. ಸಾಯುವುದು ಏಪ್ರಿಲ್ ಮೇ ತಿಂಗಳಲ್ಲಿ, ನಾವೆಲ್ಲ ರಜೆಯಲ್ಲಿದ್ದಾಗ. ಅಷ್ಟೊಂದು ಫೋಟೊಗಳಲ್ಲಿ ನಗುತ್ತಾ ನಿಂತ ಸಸಿಗಳು ಮರುವರ್ಷ ಇಲ್ಲದಿರುವುದು ನೋಡಿದರೆ ಸಂಕಟವಾಗುತ್ತದೆ. ಮಕ್ಕಳ ಕೈಯಲ್ಲಿ ನೆಡಿಸಿ ಒಣಗಲು ಬಿಟ್ಟರೆ, ಮರ ಅಂದರೆ ಇಷ್ಟೇ ಅನ್ನುವ ಪಾಠವನ್ನೂ ನಾವೇ ಕಲಿಸಿದ ಹಾಗೆ.

ಅದಕ್ಕೇ ನಮ್ಮಲ್ಲಿ ಸಾಕಲು ಆಗುವಷ್ಟು ಸಸಿ ಮಾತ್ರ ನೆಡುತ್ತೇವೆ. ಶಾಲೆ ನಡೆಯುವಾಗ ಊಟದ ತಟ್ಟೆ ತೊಳೆದ ನೀರು ಸಣ್ಣ ಕಾಲುವೆಯಲ್ಲಿ ಅವುಗಳ ಬುಡಕ್ಕೆ ಹೋಗುತ್ತದೆ. ರಜೆಯಲ್ಲಿ ತಟ್ಟೆಯೂ ಇಲ್ಲ, ನೀರೂ ಇಲ್ಲ. ಆಗ ಬೇಕಾಗುವುದು ಹಳೇ ಮಣ್ಣಿನ ಮಡಿಕೆ. ತಳದಲ್ಲಿ ಸಣ್ಣ ತೂತು ಮಾಡಿ, ಅದಕ್ಕೊಂದು ಬಟ್ಟೆಯ ಬತ್ತಿ ತೂರಿಸಿ, ಸಸಿಯ ಪಕ್ಕ ಕುತ್ತಿಗೆವರೆಗೂ ಹೂಳುತ್ತೇವೆ. ಒಮ್ಮೆ ತುಂಬಿದರೆ ನೀರು ನಿಧಾನವಾಗಿ ಇಳಿಯುತ್ತದೆ. ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಶಾಲೆ ಹತ್ತಿರವೇ ಮನೆಯಿರುವ ಮಕ್ಕಳ ಹೆಸರು ಬರೆದು ಪಾಳಿ ಪಟ್ಟಿ ಮಾಡಿ, ಒಂದು ಪ್ರತಿಯನ್ನು ಅವರ ತಾಯಂದಿರ ಕೈಗೆ ಕೊಡುತ್ತೇವೆ. ಯಾರಾದರೂ ಜಾತ್ರೆಗೋ ಅಜ್ಜಿ ಊರಿಗೋ ಹೊರಟರೆ ತಮ್ಮ ಪಾಳಿಯನ್ನು ಯಾರಿಗೆ ಒಪ್ಪಿಸಿ ಹೋಗುತ್ತಿದ್ದೇವೆ ಅಂತ ನನಗೆ ಫೋನ್ ಮಾಡಿ ಹೇಳಬೇಕು. ಇದುವರೆಗೂ ಆ ಫೋನ್‌ಗಳು ತಪ್ಪದೆ ಬಂದಿವೆ.