ನಡುವ ಉಬ್ಬಿದ ಕೌದಿ

ಇವತ್ತ ಮುಂಜಾನೆ ಎದುರಿನ ಮನಿ ಮಾಳಿಗಿ ಮ್ಯಾಲ ಒಂದು ಕೌದಿ, ಅಂದ್ರ ಹಳೇ ಬಟ್ಟಿ ಪದರ ಹೊಲಿದ ಹೊದಿಕಿ, ಒಣಾಕ ಹಾಕಿದ್ರು. ದಂಡಿ ನೆಟ್ಟಗ. ನಡುವ ಮಾತ್ರ ಪೂರಿಹಂಗ ಉಬ್ಬಿತ್ತು.

ಹೊಲಿದಾಕಿ ಕೈ ಚಲೋನ ಐತಿ. ಹಾಸೋವಾಗ ತಪ್ಪಿದ್ದು.

ಕೌದಿ ಹೊಲಿಗಿ ದಂಡಿಯಿಂದ ಸುತ್ತ ಸುತ್ತ ನಡುವಿಗೆ ಬರತೈತಿ. ಪ್ರತಿ ಸುತ್ತಿಗೂ ಸಡಿಲ ಬಟ್ಟಿ ಒಳಗ ಸರೀತೈತಿ. ಕಡೀಕ ಹೋಗಾಕ ಜಾಗಾ ಇಲ್ಲದ ಉಬ್ಬತೈತಿ.

ಅದಕ್ಕ ಮೊದಲ ತಳದ ಸೀರಿ ಜಗ್ಗಿ ಹಾಸಿ ನಾಕೂ ಮೂಲಿಗೆ ಕಲ್ಲು ಇಡಬೇಕು. ಮ್ಯಾಲ ಹಳೇ ಧೋತರ, ಮತ್ತೊಂದು ನೂಲಿನ ಸೀರಿ. ಪದರ ಭಾಳ ಆದ್ರ ಸೂಜಿ ಹೋಗಂಗಿಲ್ಲ, ಬೆರಳ ಹೋಗ್ತಾವ! ಪಾಲಿಸ್ಟರ್ ಅಂತೂ ಬ್ಯಾಡ, ಒಳಗ ಜಾರತೈತಿ.

ಆಮ್ಯಾಲ ಗೇಣಿಗೊಂದು ಕಚ್ಚಾ ಹೊಲಿಗಿ, ಕಡೀಕ ಬಿಚ್ಚಿ ತಗಿಯೋದು. ಇದು ಮಾತ್ರ ಉಲ್ಟಾ, ನಡುವಿಂದ ದಂಡಿಗೆ. ಸಡಿಲ ಎಲ್ಲಾ ಹೊರಗ ಬರತೈತಿ. ಬ್ಯಾಸರದ ಕೆಲಸ ಖರೇ, ಆದ್ರ ಇದನ್ನ ಬಿಟ್ರ ಮುಗೀತು.

ತ್ಯಾಪಿ ಜೋಡಿಸೋದು ಎಲ್ಲಾರಿಗೂ ಇಷ್ಟ. ಇಳಕಲ್ ಸೆರಗಿನ ಕೆಂಪು ಎಲ್ಲಿ, ಖಣದ ತುಂಡು ಎಲ್ಲಿ ಅಂತ ತಾಸುಗಟ್ಟಲೆ ಜಗಳ. ಅಂಚು ಅರ್ಧ ಇಂಚು ಒಳಗ ಮಡಚ್ರಿ, ಇಲ್ಲಂದ್ರ ಎಳಿ ಬಿಚ್ಚತಾವ.

ನನಗ ಸೇರೋದು ಬ್ಯಾರೆ, ದಂಡಿಯಿಂದ ನಡುವಿಗೆ ಬರೋ ಆ ಹೊಲಿಗಿ. ಎರಡೆಳಿ ದಾರ, ಒಂದೂವರಿ ಮೊಳ ಸಾಕು, ಉದ್ದಾದ್ರ ಗಂಟು ಬೀಳತೈತಿ. ಸಾಲಿಂದ ಸಾಲಿಗೆ ಒಂದು ಬೆರಳ ಅಂತರ. ಸೂಜಿ ಮ್ಯಾಲ ನಾಕೈದು ಹೊಲಿಗಿ ಒಟ್ಟಿಗೆ ತಗೊಂಡು, ಒಮ್ಮೆ ಮೆತ್ತಗ ಜಗ್ಗೋದು.

ಸರ್ ಅಂತ ಬರತೈತಲ್ಲ ದಾರ, ಆ ಸಪ್ಪಳ.